ಉದ್ದಕಿವಿಯವರು ರೋಗ ಬಂದರೂ ಸಾಯದಿರುವ ಕುರಿತು

ಕಲ್ಲುಗಣಿ ಆಡಳಿತ ಕಚೇರಿ, ದ್ವೀಪ ವಿಭಾಗ
ಸಂಖ್ಯೆ: ಕಗಆ/ಉಕಿ/17/1962

ವಿಷಯ: ಸದರಿಯವರು ಬದುಕುಳಿಯುತ್ತಿರುವುದರಿಂದ ಗಣಿ ಕೆಲಸಕ್ಕೆ ಉಂಟಾದ ಅಡಚಣೆ.
ಉಲ್ಲೇಖ: ‘ಉದ್ದಕಿವಿ ಸಮಸ್ಯೆ ಶಾಶ್ವತ ಮುಕ್ತಾಯ’ ಎಂಬ ಹಿಂದಿನ ಸುತ್ತೋಲೆ (ಹಿಂಪಡೆಯಲಾಗಿದೆ).

ಬಿಲದಲ್ಲಿ ವಾಸಿಸುವ, ಕೋಸು ಕದಿಯುವ ಸದರಿ ಪ್ರಾಣಿಯ ಹೆಸರನ್ನು ಈ ದ್ವೀಪದಲ್ಲಿ ಯಾರೂ ಎತ್ತುವುದಿಲ್ಲ. ಅದು ಕಣ್ಣಿಗೆ ಬಿದ್ದರೆ ಗಣಿ ಕುಸಿಯುತ್ತದೆಂದು ಕಾರ್ಮಿಕರು ಆ ದಿನ ಕೆಲಸ ಬಿಟ್ಟು ಮನೆಗೆ ಹೋಗುತ್ತಾರೆ. ಎಂಟು ವರ್ಷಗಳ ಹಿಂದೆ ಕಣ್ಣೂತದ ರೋಗ ಬಂದು ಅವು ಹೆಚ್ಚುಕಡಿಮೆ ನಿರ್ನಾಮವಾದಾಗ ಈ ಕಚೇರಿಯು ಕೇಕು ಹಂಚಿತ್ತು. ಉಳಿದ ನಾಲ್ಕಾರರ ಮೊಮ್ಮಕ್ಕಳು ಈಗ ಅದೇ ರೋಗ ಬಂದರೆ ಸ್ವಲ್ಪ ಸೀನಿ, ಎದ್ದು ಓಡಾಡುತ್ತಿರುವುದು ಗಮನಕ್ಕೆ ಬಂದಿದೆ. ಶುಕ್ರವಾರದೊಳಗೆ ಕಲ್ಲು ಸಾಗಿಸುವ ಹಡಗು ತುಂಬದಿದ್ದರೆ ಗಣಿಗೆ ಬೀಗ ಬೀಳಲಿದೆ. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

1. ಸದರಿಯವರು ಬೆಳೆಸಿಕೊಂಡ ರೋಗನಿರೋಧಕ ಶಕ್ತಿಗೆ ಪೂರ್ವಾನುಮತಿ ಪಡೆದಿಲ್ಲವಾದ್ದರಿಂದ ಅದನ್ನು ಅಸಿಂಧುವೆಂದು ಘೋಷಿಸಲಾಗಿದೆ. “ಸಾಯೋವೆಲ್ಲ ಸತ್ವು, ತಡ್ಕೊಂಡವು ಮರಿ ಹಾಕಿದ್ವು. ರೋಗಾನೂ ಮೆತ್ತಗಾಗಿದೆ. ನಿಮ್ಮ ಸುತ್ತೋಲೆ ಓದಿ ಯಾವುದು ಸಾಯುತ್ತೆ ಸ್ವಾಮಿ?” ಎಂಬ ಪಶುವೈದ್ಯೆ ಥರ್ಜಾ ಲಾನೋ ಅವರ ವರದಿಯನ್ನು ಭಾಗಶಃ ಅಂಗೀಕರಿಸಲಾಗಿದೆ.

2. ರೋಗ ಬಂದುಹೋದ ಪ್ರಾಣಿಯನ್ನು ಮೃತವೆಂದೇ ಪರಿಗಣಿಸತಕ್ಕದ್ದು. ಮೃತ ಪ್ರಾಣಿ ಓಡಿದ್ದನ್ನು ಕಂಡವರಿಗೆ ರಜೆ ಇರುವುದಿಲ್ಲ.

3. ಫುಟ್‌ಬಾಲ್ ಪಂದ್ಯದ ದಿನವೇ ಅವು ಕಾಣಿಸಿಕೊಳ್ಳುವ ಬಗ್ಗೆ ಮೇಸ್ತ್ರಿ ಜೇಬೆಜ್ ಅಟ್‌ವುಲ್ ನೀಡಿದ “ಅದಕ್ಕೂ ಮ್ಯಾಚ್ ನೋಡೋ ಆಸೆ ಇರಲ್ವಾ ಸಾರ್?” ಎಂಬ ವಿವರಣೆ ತೃಪ್ತಿಕರವಾಗಿರುವುದಿಲ್ಲ.

4. ಕಾರ್ಮಿಕರು ಗಾಡಿಕುದುರೆಯಂತೆ ಕಣ್ಣಿನ ಎರಡೂ ಬದಿಗೆ ಪಟ್ಟಿ ಧರಿಸತಕ್ಕದ್ದು. ಆದರೆ ಪಟ್ಟಿ ಕಟ್ಟಿ ನೋಡಿದ ಕಳೆದ ಸೋಮವಾರದಂತೆ ದಾರಿ ಕಾಣದೆ ಹಡಗಿನ ಬದಲು ಪಾದ್ರಿಗಳ ಅಂಗಳಕ್ಕೆ ಕಲ್ಲು ತುಂಬತಕ್ಕದ್ದಲ್ಲ.

5. ಮೂಢನಂಬಿಕೆಗೆ ಈ ಕಚೇರಿಯಲ್ಲಿ ಸ್ಥಾನವಿಲ್ಲ. ಸದರಿ ಹೆಸರನ್ನು ಟೈಪು ಮಾಡಲು ಬೆರಳಚ್ಚುಗಾರ್ತಿಯು “ನಮ್ಮಪ್ಪ ಗಣಿಯೊಳಗಿದ್ದಾರೆ, ಬೇಕಾದ್ರೆ ನೀವೇ ಹೊಡ್ಕೊಳ್ಳಿ” ಎಂದು ನಿರಾಕರಿಸಿರುತ್ತಾರೆ. ಅಧೀಕ್ಷಕರೂ ಹೊಡೆದಿರುವುದಿಲ್ಲ.

(ಸಹಿ ಆಗಿಲ್ಲ)
ಹೊರೇಸ್ ಪಿಲ್ಬೀಮ್
ಅಧೀಕ್ಷಕರು

ಷರಾ: ಸಹಿಯ ಹೊತ್ತಿಗೆ ಕಿಟಕಿಯಾಚೆ ಸದರಿಯವರಲ್ಲೊಂದು ಎದ್ದು ನಿಂತು ಒಳಗೆ ಇಣುಕಿದ್ದರಿಂದ, ದ್ವೀಪದಾಚೆಯಿಂದ ಬಂದ ನಮ್ಮ ಸಾಹೇಬರು ಟೋಪಿಯನ್ನೂ ಬಿಟ್ಟು ಮನೆಗೆ ತೆರಳಿರುತ್ತಾರೆ. “ಅಂತೂ ಸಾಹೇಬ್ರೂ ನಮ್ಮೂರವರಾದ್ರಲ್ಲಪ್ಪಾ!” ಎಂದು ಕಾರ್ಮಿಕರು ಹಿಗ್ಗಿ, ಏನೇ ಕಂಡರೂ ಕಾಣಲಿಲ್ಲವೆಂದುಕೊಂಡು ನಾಳೆಯೇ ಹಡಗು ತುಂಬಿಸಿಕೊಡಲು ಒಪ್ಪಿರುತ್ತಾರೆ.
ಎಡಿತ್ ಅಟ್‌ವುಲ್, ಬೆರಳಚ್ಚುಗಾರ್ತಿ

ಪ್ರತಿಗಳು:
ಹಡಗಿನ ಕಪ್ತಾನರಿಗೆ, ಕಾಯುವ ಸಲುವಾಗಿ.
ಪಾದ್ರಿಗಳಿಗೆ, ಕಲ್ಲು ಹಿಂದಿರುಗಿಸುವ ಸಲುವಾಗಿ.
ಶ್ರೀಮತಿ ಪಿಲ್ಬೀಮ್ ಅವರಿಗೆ, ಟೋಪಿಯೊಂದಿಗೆ.
ಉದ್ದಕಿವಿಯವರಿಗೆ, ಬಿಲದ ಬಾಯಲ್ಲಿ ಅಂಟಿಸತಕ್ಕದ್ದು. ಅಂಟಿಸುವವರು ಕಣ್ಣು ಮುಚ್ಚಿಕೊಂಡು ಹೋಗತಕ್ಕದ್ದು.