ಸಮುದ್ರ ಕಾಣದವನ ಸಮುದ್ರ ವರದಿ

ಗ್ರಹಚಾರ ಕೆಟ್ಟರೆ ಹಗ್ಗವೂ ಹಾವಾಗುತ್ತದೆ ಅನ್ನುತ್ತಾರೆ. ನನಗೆ ಇಂಥ ಫಜೀತಿಗಳು ಒಂದರ ಹಿಂದೆ ಒಂದು ಬಂದೇ ಬರುತ್ತವೆ, ಆದರೆ ನನ್ನ ಗ್ರಹಚಾರದಲ್ಲಿ ಹಾವು ಹಗ್ಗ ಎಲ್ಲ ಬಿಟ್ಟು ಸಮುದ್ರವೇ ಬಂತು. ಅದೂ ವಿಜಾಪುರದವನಿಗೆ. ನಮ್ಮೂರಲ್ಲಿ ನೀರು ಅಂದರೆ ಎರಡು ದಿನಕ್ಕೊಮ್ಮೆ ನಳದಲ್ಲಿ ಬರುವ ವಸ್ತು.

ಜರ್ಮನಿಯವರೂ ಕಂಪ್ಯೂಟರಿನವರಿಗೆ ಗ್ರೀನ್ ಕಾರ್ಡ್ ಕೊಡುತ್ತಾರಂತೆ ಎಂದು ಕೇಳಿ ನಮ್ಮ ಕಡೆಯ ಹುಡುಗರು ಹೊರಟಾಗ ನಾನೂ ಹೊರಟೆ. ಅವರಿಗೆಲ್ಲ ಶ್ವೀಬರ್ಡಿಂಗೆನ್ ಅನ್ನುವ ಊರಲ್ಲಿ ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ ಸಿಕ್ಕಿತು. ನನಗೆ ಸಿಕ್ಕಿದ್ದು ಸ್ಟುಟ್‌ಗಾರ್ಟಿನ ಒಂದು ಸಣ್ಣ ಕಂಪನಿ. ದಕ್ಷಿಣ ಅಮೆರಿಕ ಸುತ್ತುವ ಪ್ರವಾಸಿ ಹಡಗುಗಳ ಟಿಕೆಟ್ಟನ್ನು ಇಂಟರ್ನೆಟ್ಟಿನಲ್ಲಿ ಮಾರುತ್ತಿದ್ದರು. ಯಾವ ತಿಂಗಳು ಎಲ್ಲಿ ಹವೆ ಹೇಗಿರುತ್ತೆ, ಸಮುದ್ರ ಹೇಗಿರುತ್ತೆ ಅನ್ನುವ ಪುಟ ನನ್ನ ಪಾಲಿಗೆ ಬಂತು.

ಮೊದಲ ಆರು ತಿಂಗಳು ಪ್ರೋಬೆಟ್ಸೈಟ್, ಅಂದರೆ ಪರೀಕ್ಷೆಯ ಕಾಲ. ಕೆಲಸ ಸರಿ ಕಾಣದಿದ್ದರೆ ಊರಿನ ದಾರಿ. ಮದುವೆಯಾಗಿ ಹದಿನೆಂಟನೇ ದಿನಕ್ಕೆ ವಿಮಾನ ಹತ್ತಿದವನು ನಾನು. ಮಾವನವರು ಖಡಾಖಂಡಿತವಾಗಿ ಹೇಳಿದ್ದರು, "ಅಳಿಯಂದ್ರ, ನೌಕರಿ ಖಾಯಂ ಆಗಲಿ, ಆಮ್ಯಾಲ ಮಗಳನ್ನ ಕಳಸ್ತೀನಿ." ಹಾಗಾಗಿ ನನ್ನ ಸಂಸಾರವೆಲ್ಲ ಆ ಹವೆಯ ಪುಟದ ಮೇಲೆ ನಿಂತಿತು.

೧. ಒಂಬತ್ತು ಗ್ಯಾಂಗು

ಮೊದಲ ಕೆಲಸ, ಜರ್ಮನ್ ಪಟ್ಟಿಯನ್ನು ಇಂಗ್ಲಿಷಿಗೆ ತರುವುದು. ಪಟ್ಟಿಯಲ್ಲಿ 'ಸೀಗ್ಯಾಂಗ್' ಅಂತ ಒಂದು ಸಾಲು, ಮುಂದೆ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ. ಸೀ ಅಂದರೆ ಸಮುದ್ರ, ಗ್ಯಾಂಗ್ ಅಂದರೆ ಗ್ಯಾಂಗು. ಇದಕ್ಕೆ ಡಿಕ್ಷನರಿ ಯಾಕೆ ಬೇಕು? ಕಡಲ್ಗಳ್ಳರ ಎಣಿಕೆ ಇರಬೇಕು ಅಂದುಕೊಂಡೆ. ಕೇಪ್ ಹಾರ್ನ್ ಅನ್ನುವ ದಕ್ಷಿಣದ ತುದಿಯಲ್ಲಿ ಒಂಬತ್ತು ಗ್ಯಾಂಗು ಇವೆ, ಹುಷಾರು ಅಂತ ಬರೆದುಬಿಟ್ಟೆ.

ವಾರದಲ್ಲಿ ಕಂಪನಿಯ ಸಾಹೇಬರು ಕರೆದರು. ಆ ಪದವನ್ನು ಜರ್ಮನ್‌ನಲ್ಲಿ 'ಝೇಗಾಂಗ್' ಅನ್ನುತ್ತಾರಂತೆ, ಅರ್ಥ ಅಲೆಗಳ ಅಬ್ಬರವಂತೆ. "ಇಂಗ್ಲೆಂಡಿನಿಂದ ಒಬ್ಬ ಅಜ್ಜ ಫೋನ್ ಮಾಡಿದ್ದರು" ಅಂದರು ಸಾಹೇಬರು. ನಾನು ಬೆವರುತ್ತ, "ಟಿಕೆಟ್ ರದ್ದು ಮಾಡಿದರಾ?" ಅಂದೆ.

"ಇಲ್ಲ. ಆ ಒಂಬತ್ತೂ ಗ್ಯಾಂಗಿನವರು ಊಟಕ್ಕೆ ನಮ್ಮ ಜೊತೆಗೇ ಕೂಡುತ್ತಾರಾ ಅಂತ ಕೇಳಿದರು."

೨. ರಿಯೋದಲ್ಲಿ ಉಣ್ಣೆ ಕೋಟು

ಡಿಸೆಂಬರ್ ಅಂದರೆ ಚಳಿಗಾಲ. ವಿಜಾಪುರದಲ್ಲೂ ಚಳಿ, ಸ್ಟುಟ್‌ಗಾರ್ಟಿನಲ್ಲೂ ಚಳಿ. ರಿಯೋ ಏನು ಬೇರೆ ಭೂಮಿಯ ಮೇಲಿದೆಯೇ? "ಚಳಿಗಾಲ, ಬೆಚ್ಚಗಿನ ಬಟ್ಟೆ ಒಯ್ಯಿರಿ" ಅಂತ ಬರೆದೆ. ಆ ಕಡೆ ಋತುಗಳು ತಲೆಕೆಳಗು ಅಂತ ಐದನೇ ಇಯತ್ತೆಯಲ್ಲಿ ಮಾಸ್ತರರು ಹೇಳಿದ್ದರು, ಆವತ್ತು ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಒಂದು ಗುಂಪು ಉಣ್ಣೆ ಕೋಟು ಹಾಕಿಕೊಂಡು ರಿಯೋದಲ್ಲಿ ಇಳಿಯಿತು. ದಂಡೆಯ ಮೇಲಿನ ಫೋಟೋ ಒಂದನ್ನು ಕಂಪನಿಗೆ ಕಳಿಸಿದ್ದರು. ಹಿಂದೆ ಜನ ಚಡ್ಡಿಯಲ್ಲಿ ಓಡಾಡುತ್ತಿದ್ದಾರೆ, ಮುಂದೆ ಇವರು ಹನ್ನೆರಡು ಮಂದಿ ಕೋಟಿನಲ್ಲಿ, ಮುಖಗಳು ಬೆಂದ ಬೀಟ್ರೂಟು. ಸಾಹೇಬರು ಅದನ್ನು ನನ್ನ ಮೇಜಿನ ಎದುರಿನ ಗೋಡೆಗೆ ಅಂಟಿಸಿದರು. ಹೊಸದಾಗಿ ಬಂದ ಹುಡುಗಿಯೊಬ್ಬಳು ನನ್ನ ಕುಟುಂಬದ ಫೋಟೋ ಇರಬೇಕು ಅಂದುಕೊಂಡು, "ನಿಮ್ಮ ತಂದೆಯವರು ಯಾರು?" ಅಂದಳು.

೩. ದಕ್ಷಿಣಕ್ಕೆ ಹೋದಷ್ಟೂ ಬಿಸಿ

ಬುದ್ಧಿ ಬಂತು. ಜನವರಿ ಅಲ್ಲಿ ಬೇಸಿಗೆ ಅಂತ ಎಲ್ಲ ಬಂದರಿಗೂ ತಿದ್ದಿದೆ. ದಕ್ಷಿಣಕ್ಕೆ ಹೋದಷ್ಟೂ ಬಿಸಿ ಹೆಚ್ಚು ಅಂತ ಸ್ವಂತದ್ದೂ ಒಂದು ಸಾಲು ಸೇರಿಸಿದೆ. ಕನ್ಯಾಕುಮಾರಿಯ ಕಡೆ ಹೋದವನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ನಮ್ಮ ಮನೆಯ ಮಾಲಕಿ ಎಪ್ಪತ್ತರ ಅಜ್ಜಿ. ಅದೇ ಜನವರಿಯಲ್ಲಿ ಕೇಪ್ ಹಾರ್ನ್ ನೋಡಲು ಹೊರಟಿದ್ದರು. ಯಾವ ಬಟ್ಟೆ ಒಯ್ಯಲಿ ಅಂತ ನನ್ನನ್ನು ಕೇಳಿದರು. ತೋಳಿಲ್ಲದ ಹತ್ತಿ ಫ್ರಾಕು ಸಾಕು ಮೇಡಂ ಅಂದೆ. ಅಲ್ಲಿ ಕೆಳಗಿರುವುದು ಅಂಟಾರ್ಕ್ಟಿಕದ ಹಿಮ ಅಂತ ನನಗೆ ಹೊಳೆಯಲೇ ಇಲ್ಲ. ಫೋನಿನಲ್ಲಿ ಅವ್ವ ಹೇಳಿದ್ದಳು, "ದಕ್ಷಿಣ ಯಮನ ದಿಕ್ಕು, ಅತ್ತಾಗ ಯಾರನ್ನೂ ಕಳಸಬ್ಯಾಡೋ." ಕೇಳಬೇಕಿತ್ತು.

ಫೆಬ್ರವರಿಯಲ್ಲಿ ಅಜ್ಜಿ ಸೀನುತ್ತ ಬಂದರು. ಮರುದಿನ ಬೆಳಿಗ್ಗೆ ನನ್ನ ಕೋಣೆಯ ಹೀಟರ್ ಬಂದ್. ಹೊರಗೆ ಮೊಣಕಾಲುದ್ದ ಹಿಮ. ಹಲ್ಲು ಕಟಕಟಿಸುತ್ತ ಕೆಳಗಿಳಿದು ಕೇಳಿದೆ. ಅಜ್ಜಿ ಶಾಂತವಾಗಿ ಹೇಳಿದರು, "ಬೇಸಿಗೆಯಲ್ಲಿ ಹೀಟರ್ ಯಾಕೆ?"

೪. ಅತ್ತೆಯ ಹವೆ

ಪರೀಕ್ಷೆಯ ಕಾಲ ಮುಗಿಯಲು ಇನ್ನು ಒಂದೂವರೆ ತಿಂಗಳಿತ್ತು. ಮುಗಿಯಿತು ನನ್ನ ಕಥೆ ಅನಿಸಿತು. ಸೂಟ್‌ಕೇಸ್ ಕೆಳಗಿಳಿಸಿ ಇಟ್ಟೆ. ಫೋನ್ ಕಾರ್ಡ್ ಉಜ್ಜಿ ಹೆಂಡತಿಗೆ ಫೋನ್ ಮಾಡಿ, "ನಾನೇ ವಾಪಸ್ ಬರತೀನಿ, ನೀ ಬರೋದು ಆಗಂಗಿಲ್ಲ" ಅಂದೆ. ಖರೆ ಹೇಳುತ್ತೇನೆ, ಅತ್ತುಬಿಟ್ಟೆ.

ಆಕೆ ಎಲ್ಲ ಕೇಳಿದಳು. "ಅಲ್ರೀ, ಕಣ್ಣಿಲೆ ಕಾಣದ ಹವಾಕ್ಕ ನೀವ್ಯಾಕ ಗ್ಯಾರಂಟಿ ಕೊಡ್ತೀರಿ? ಊರಿಗೆ ಹೊಂಟಾಗ ನಮ್ಮವ್ವ ಏನ್ ಹೇಳ್ತಾಳ? ಬಿಸಲಿದ್ರೂ ಕೌದಿ ಇರಲಿ, ಚಳಿ ಇದ್ರೂ ಛತ್ರಿ ಇರಲಿ, ಹೊಟ್ಟಿ ತೊಳಸಿದ್ರ ಬಾಯಾಗ ಒಂದು ಚೂರು ಶುಂಠಿ ಇರಲಿ. ಹಂಗ ಬರೀರಿ, ಸುಮ್ಮನ."

ಎಲ್ಲ ಬಂದರಿಗೂ ಅದನ್ನೇ ಬರೆದೆ. ಹೇಗೂ ಹೋಗುವವನು.

ಮಾರ್ಚ್ ಕೊನೆಗೆ ಸಾಹೇಬರು ಕರೆದರು. ಮೇಜಿನ ಮೇಲೆ ಪತ್ರಗಳು. ಕೇಪ್ ಹಾರ್ನಿನಲ್ಲಿ ಒಂದೇ ದಿನದಲ್ಲಿ ಬಿಸಿಲು, ಮಳೆ, ಆಲಿಕಲ್ಲು ಎಲ್ಲ ಬಂತಂತೆ, ಹಡಗು ತೊಟ್ಟಿಲಿನಂತೆ ತೂಗಿತಂತೆ, ಶುಂಠಿ ಇದ್ದವರು ಮಾತ್ರ ಊಟ ಮಾಡಿದರಂತೆ. "ಹವೆಯ ಬಗ್ಗೆ ದೂರು ಇಲ್ಲದ ಮೊದಲ ತಿಂಗಳು ಇದು. ಹವಾಮಾನ ತಜ್ಞರು ಯಾರು?"

"ನಮ್ಮ ಅತ್ತೆ" ಅಂದೆ.

ಸಾಹೇಬರು ಪೆನ್ನು ತೆಗೆದರು. "ಅವರ ಫೀ ಎಷ್ಟು?"

"ಮಗಳನ್ನು ನನ್ನ ಹತ್ತಿರ ಕಳಿಸೋ ಹಂಗಾದರೆ ಸಾಕು ಸರ್." ಖಾಯಂ ಪತ್ರಕ್ಕೆ ಸಹಿ ಬಿತ್ತು.

೫. ಫ್ರಾಂಕ್‌ಫರ್ಟ್

ಮೇ ತಿಂಗಳಲ್ಲಿ ಹೆಂಡತಿ ಹೊರಟಳು. ಹಿಂದಿನ ದಿನ ಫೋನಿನಲ್ಲಿ ಕೇಳಿದಳು, "ಅಲ್ಲಿ ಹವಾ ಹೆಂಗದ್ರಿ? ಏನ್ ತರಲಿ?"

ನಾನು ಈಗ ಖಾಯಂ ನೌಕರ, ಹವೆಯ ಪುಟದ ಯಜಮಾನ. ದೊಡ್ಡಸ್ತಿಕೆಯಿಂದ ಹೇಳಿದೆ, "ಮೇ ಅಂದ್ರ ಬೇಸಿಗಿ. ತೆಳ್ಳನ ಸೀರಿ ಸಾಕು."

ಮೇ ನಡುವೆ ಇಲ್ಲಿ ನಾಲ್ಕೈದು ದಿನ ಹಿಮದ ಸಂತರ ದಿನಗಳು ಅಂತ ಬರುತ್ತವೆ, ಆಗ ಚಳಿ ಮರಳಿ ಬರುತ್ತದೆ, ಗಿಡ ಕೂಡ ಹೊರಗಿಡುವುದಿಲ್ಲ ಅಂತ ಮರುದಿನ ಬೆಳಿಗ್ಗೆ ಅಜ್ಜಿ ಹೇಳಿದರು. ಸ್ವೆಟರ್, ಕೋಟು, ಮಫ್ಲರ್ ಎಲ್ಲ ಸುತ್ತಿಕೊಂಡು ಏರ್‌ಪೋರ್ಟಿಗೆ ಓಡಿದೆ. ಆಕೆಗೊಂದು ಕೋಟು ಒಯ್ಯಬೇಕು ಅನ್ನುವುದು ತಲೆಗೇ ಬರಲಿಲ್ಲ.

ತೆಳ್ಳನೆಯ ಸೀರೆಯಲ್ಲಿ ಹೊರಗೆ ಬಂದಳು. ಬಾಗಿಲ ಗಾಳಿಗೆ ನಡುಗಿದಳು. ಏಳು ತಿಂಗಳಾದ ಮೇಲೆ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಮಫ್ಲರಿನ ಹತ್ತಿರ ಕಣ್ಣು ನಿಲ್ಲಿಸಿದಳು. ನಾನು ಗಡಿಬಿಡಿಯಲ್ಲಿ ಕೋಟು ಬಿಚ್ಚಿ ಹೊದಿಸಿ, ಖುಷಿಯ ಸುದ್ದಿಯಿಂದ ಮಾತು ಶುರು ಮಾಡೋಣ ಅಂತ, "ನನ್ನ ಪ್ರೋಬೆಟ್ಸೈಟ್ ಪರೀಕ್ಷಾ ಪಾಸಾತು ನೋಡು" ಅಂದೆ.

"ಅದು ಆಫೀಸಿಂದು" ಅಂದಳು ಕೋಟಿನ ಗುಂಡಿ ಹಾಕಿಕೊಳ್ಳುತ್ತ. "ನಂದು ಇವತ್ತಿನಿಂದ ಚಾಲೂ."