ಸಾಯುವ ಇರಾದೆ ಇಲ್ಲದವಳಿಗೆ ಕಾಶೀವಾಸದ ಕೋಣೆ

ಇಂದ:
ನಾಗಲಿಂಗ, ಏಳನೇ ಇಯತ್ತೆ (ಅರ್ಧಕ್ಕೆ ಬಿಟ್ಟದ್ದು),
ಯಾತ್ರಿಕರನ್ನು ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಕರೆತರುವವನು, ಪಂಕ್ತಿಗೆ ಬಡಿಸುವವನು, ಇತ್ಯಾದಿ,
ಮಠದ ಮೂರನೇ ಮಹಡಿ, ಬಂಗಾಲಿ ಟೋಲಾ, ವಾರಾಣಸಿ

ಗೆ:
ದಾನಯ್ಯನವರು, ವ್ಯವಸ್ಥಾಪಕರು,
ಸದರಿ ಮಠ, ಕೆಳಮಹಡಿ

ವಿಷಯ: ಅರ್ಜಿದಾರನ ಅಕ್ಕ ದಾಕ್ಷಾಯಣಿಯವರಿಗೆ ಆಪರೇಷನ್ ಆದ ಮೇಲೆ ಮಲಗಲು, ಸಾಯಲು ಬಂದವರಿಗೆಂದು ಮೀಸಲಾದ ಕೋಣೆಯನ್ನು, ಸಾಯುವುದಿಲ್ಲ ಎಂಬ ಷರತ್ತಿನ ಮೇಲೆ ಮಂಜೂರು ಮಾಡುವ ಬಗ್ಗೆ.

ಉಲ್ಲೇಖ: ೧) ಊಟದ ಪಂಕ್ತಿಯಲ್ಲಿ ತಾವು ಎಲ್ಲರೆದುರು ಆಡಿದ ಮಾತು. ೨) ಅದೇ ಸಂಜೆ ಆಫೀಸಿನಲ್ಲಿ ತಾವು ಕೊಟ್ಟ ಬಾಯಿಮಾತಿನ ಆದೇಶ.

ಮಾನ್ಯರೇ,

ಅರ್ಜಿಯಲ್ಲಿ “ನಾನು” ಎಂದು ಬರೆಯಬಾರದು, “ಅರ್ಜಿದಾರ” ಎಂದು ಬರೆಯಬೇಕು ಎಂದು ಕೋರ್ಟ್ ಕಚೇರಿಯ ಮುಂದೆ ಕೂರುವ ಟೈಪಿಸ್ಟ್ ಹೇಳಿಕೊಟ್ಟಿದ್ದಾನೆ. ಆದ್ದರಿಂದ ಕೆಳಗೆ ಕಾಣುವ ಸಿಟ್ಟೆಲ್ಲ ಅರ್ಜಿದಾರನದು. ತಪ್ಪಿದ್ದರೆ ಕ್ಷಮಿಸುವುದು. ಸರಿ ಇದ್ದರೂ ಕ್ಷಮಿಸುವುದು.

೧. ಮೊನ್ನೆ ಮಧ್ಯಾಹ್ನ ಹಾವೇರಿ ಕಡೆಯ ಬಸ್ಸಿನ ಯಾತ್ರಿಕರು ಎಲೆಯ ಮುಂದೆ ಕೂತಿದ್ದರು. ಅರ್ಜಿದಾರನು ಸಾರಿನ ಬಕೆಟ್ ಹಿಡಿದು ತಮ್ಮ ಎಲೆಯ ಹತ್ತಿರ ಬಂದಾಗ, ತಾವು ಕಡೆಯ ಸಾಲಿಗೂ ಕೇಳುವಂತೆ ಅಪ್ಪಣೆ ಕೊಡಿಸಿದ್ದು ಹೀಗೆ:

“ಏನೋ ನಾಗಲಿಂಗ, ಗಂಡ ಸತ್ತು ಎಷ್ಟು ವರ್ಷ ಆತು, ನಿಮ್ಮಕ್ಕಗ ಈಗ ಐದು ತಿಂಗಳಂತಲ್ಲೋ! ತೊಟ್ಟಿಲಾ ಮಠದಿಂದ ಕೊಡಸ್ಬೇಕೋ, ನೀನಽ ತರ್ತೀಯೋ?”

ಪಂಕ್ತಿ ನಕ್ಕಿತು. ಒಬ್ಬ ಯಜಮಾನರಿಗೆ ನಗುವ ಭರದಲ್ಲಿ ಅನ್ನ ನೆತ್ತಿಗೇರಿತು. ಅವರಿಗೆ ನೀರು ಕೊಟ್ಟವನೂ ಅರ್ಜಿದಾರನೇ. ಅಕ್ಕ ಗೋಡೆಯಾಚೆ ಪಾತ್ರೆ ತೊಳೆಯುತ್ತಿದ್ದರು. ಪಾತ್ರೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಬಕೆಟ್ಟಿನಲ್ಲಿ ಸಾರು ಕುದಿಯುವ ಹಾಗಿತ್ತು, ತಮ್ಮ ತಲೆ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಅರ್ಜಿದಾರನು ಇವೆರಡನ್ನೂ ಒಂದುಗೂಡಿಸಲಿಲ್ಲ. ಇದನ್ನು ಅವನ ಸನ್ನಡತೆಯ ಲೆಕ್ಕಕ್ಕೆ ಹಿಡಿಯಬೇಕಾಗಿ ವಿನಂತಿ.

೨. ಸದರಿ ಐದು ತಿಂಗಳ ಬಗ್ಗೆ ಸ್ಪಷ್ಟೀಕರಣ. ಅಕ್ಕನಿಗೆ ರಜೆ ಕೇಳಲು ಅರ್ಜಿದಾರನು ತಮ್ಮ ಮೇಜಿನ ಮೇಲೆ ಸ್ಕ್ಯಾನಿಂಗ್ ರಿಪೋರ್ಟ್ ಇಟ್ಟಿದ್ದ. ಇಂಗ್ಲಿಷ್ ಬಲ್ಲ ತಾವು ಅದರಲ್ಲಿ “ಇಪ್ಪತ್ತು ವಾರ” ಎಂಬುದನ್ನು ಓದಿದಿರಿ, ಪಕ್ಕದಲ್ಲಿದ್ದ “ಗಾತ್ರ” ಎಂಬುದನ್ನು ಓದುವ ತೊಂದರೆ ತೆಗೆದುಕೊಳ್ಳಲಿಲ್ಲ. ಗರ್ಭಕೋಶದಲ್ಲಿ ಗಡ್ಡೆ ಬೆಳೆದರೆ ಅದನ್ನು ಇಷ್ಟು ವಾರದ ಬಸುರಿಯ ಹೊಟ್ಟೆಯಷ್ಟು ಎಂದು ಅಳೆಯುವುದು ಡಾಕ್ಟರುಗಳ ಪದ್ಧತಿ. ನಿಂಬೆ ಗಾತ್ರದ ಹುಣಸೆಹಣ್ಣು ಎಂದರೆ ಯಾವ ಅಡುಗೆಯವನೂ ಸಾರಿಗೆ ನಿಂಬೆ ಹಾಕುವುದಿಲ್ಲ. ಗಡ್ಡೆಗೆ ಫೈಬ್ರಾಯ್ಡ್ ಎಂದು ಹೆಸರು. ಕ್ಯಾನ್ಸರ್ ಅಲ್ಲ. ಅದು ಬೆಳೆಯಲು ಯಾವ ಗಂಡಸಿನ ಸಹಾಯವೂ ಬೇಕಿಲ್ಲ.

೩. ಆ ಗಡ್ಡೆಗಳನ್ನು ಇಟ್ಟುಕೊಂಡು ಬದುಕುವುದು ಹೇಗೆಂದು ತಾವು ಕೇಳಿಲ್ಲವಾದರೂ ತಮ್ಮ ಅವಗಾಹನೆಗೆ ತರುವುದೇನೆಂದರೆ: ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ರಕ್ತ. ಹಳೆಯ ಸೀರೆಗಳೆಲ್ಲ ಹರಿದು ಮುಗಿದಿವೆ. ಗಳಿಗೆಗೊಮ್ಮೆ ಮೂತ್ರಕ್ಕೆ ಹೋಗಬೇಕು, ಪಾಯಖಾನೆ ಕೆಳಗೆ, ಅಕ್ಕನ ಹಾಸಿಗೆ ಮೂರನೇ ಮಹಡಿಯಲ್ಲಿ. ಕೇದಾರ ಘಾಟಿನ ಮೆಟ್ಟಿಲ ಮೇಲೆ ಒಮ್ಮೆ ಕಣ್ಣು ಕತ್ತಲಿಟ್ಟು ಬಿದ್ದರು. ಯಾರೋ ಪುಣ್ಯವಂತೆ, ಇಲ್ಲೇ ಪ್ರಾಣ ಹೋಗುತ್ತಿದೆ ಎಂದುಕೊಂಡು ಸುತ್ತ ನಿಂತವರು ಕೈ ಮುಗಿದರು, ಎತ್ತಿದವರಿಲ್ಲ. ಚಹಾ ಕುಡಿದ ಮೇಲೆ ಅಕ್ಕ ಮಣ್ಣಿನ ಕುಲ್ಹಡ್ಡಿನ ಅಂಚನ್ನು ಕಟುಂ ಎಂದು ಕಚ್ಚಿ ತಿನ್ನುತ್ತಿದ್ದರು. ಮೈಯಲ್ಲಿ ರಕ್ತ ಕಡಿಮೆಯಾದವರಿಗೆ ಮಣ್ಣಿನ ಆಸೆ ಹುಟ್ಟುತ್ತದೆ ಎಂದು ಆಮೇಲೆ ಆಸ್ಪತ್ರೆಯಲ್ಲಿ ತಿಳಿಯಿತು.

ಇದರ ಜೊತೆಗೆ, ಲಿಂಗ ಕಟ್ಟಿದವರಿಗೆ ಮುಟ್ಟಿನ ಮೈಲಿಗೆ ಇಲ್ಲ ಎಂದು ನಮ್ಮ ಅರ್ಚಕರಾದ ಕೊಟ್ಟೂರಯ್ಯನವರು ಸಂಜೆಯ ಪ್ರವಚನದಲ್ಲಿ ಹೇಳುತ್ತಾರೆ. ಇದೆ ಎಂದು ತಾವು ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ ಹೇಳುತ್ತೀರಿ. ಕಾರಣ ಅಕ್ಕ ಅಡುಗೆಯಿಂದ ಪಾತ್ರೆ ತೊಳೆಯುವಲ್ಲಿಗೆ ಬಂದರು. ಎಂಜಲಿಗೆ ಮೈಲಿಗೆ ತಾಗುವುದಿಲ್ಲವೆಂದು ಕಾಣುತ್ತದೆ.

೪. ಚಿಕಿತ್ಸೆಯ ವಿಚಾರ. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಮೂರು ದಾರಿ ಹೇಳಿದರು. ಒಂದು, ಗುಳಿಗೆ ಇಂಜೆಕ್ಷನ್ನುಗಳಿಂದ ರಕ್ತ ತಡೆಯುತ್ತ ಮುಟ್ಟು ನಿಲ್ಲುವ ವಯಸ್ಸಿಗಾಗಿ ಕಾಯುವುದು. ಅಕ್ಕನಿಗೆ ಇನ್ನೂ ನಲವತ್ತಾಗಿಲ್ಲ. ಎರಡು, ಗಡ್ಡೆ ಮಾತ್ರ ತೆಗೆದು ಗರ್ಭಕೋಶವನ್ನು ಹೊಲಿದು ಉಳಿಸುವುದು. ಆಪರೇಷನ್ನಿನಲ್ಲಿ ಹೆಚ್ಚು ರಕ್ತ ಹೋಗಬಹುದು, ಗಡ್ಡೆ ಮತ್ತೆ ಬರಲೂಬಹುದು. ಮೂರು, ಗರ್ಭಕೋಶವನ್ನೇ ತೆಗೆದುಬಿಡುವುದು. ಮತ್ತೆ ಬರುವ ಮಾತಿಲ್ಲ.

ಅರ್ಜಿದಾರನು ಕೂಡಲೇ, “ನಿಕಾಲ್ ದೀಜಿಯೇ ಮೇಡಂ, ಪೂರಾ” ಎಂದು, ಪೂರ್ತಿ ತೆಗೆದುಬಿಡಲು ಹೇಳಿದ.

ಡಾಕ್ಟರಮ್ಮ ಕನ್ನಡಕದ ಮೇಲಿನಿಂದ ನೋಡಿ, “ಕಿಸ್ಕಾ ನಿಕಾಲೂಂ ಭೈಯಾ? ಆಪ್‌ಕಾ?” ಎಂದು, ತೆಗೆಯುವುದು ಯಾರದು, ನಿಮ್ಮದೋ ಎಂದು ಕೇಳಿದರು. ಅರ್ಜಿದಾರನಲ್ಲಿ ತೆಗೆಯಬಹುದಾದಂಥದು ಏನೂ ಇಲ್ಲದ ಕಾರಣ ಅವನನ್ನು ಹೊರಗೆ ಕೂರಿಸಲಾಯಿತು.

ಅಕ್ಕ ಒಳಗೆ ಬಹಳ ಹೊತ್ತು ಮಾತಾಡಿ ಹೊರಗೆ ಬಂದರು. “ಗಡ್ಡಿ ಅಷ್ಟಽ ತೆಗಸ್ತೀನಿ,” ಎಂದರು. ಆಟೋದಲ್ಲಿ ಮಠ ಮುಟ್ಟುವ ತನಕ ಜಗಳ.

“ಮತ್ತ ಬಂದ್ರ?”

“ಬಂದ್ರ ನೋಡೂಣು. ಹಲ್ಲು ನೋವಾದ್ರ ದವಡಿ ಕೀಳಸ್ತೀಯೇನೋ?”

“ನಿನಗ್ಯಾಕ ಬೇಕಬೇ ಅದು?”

ಅಕ್ಕ ಮುಖ ತಿರುಗಿಸಿ ಬೀದಿ ನೋಡಿದರು. ಆ ಪ್ರಶ್ನೆಯನ್ನು ಅರ್ಜಿದಾರನು ಅಲ್ಲಿಗೇ ಕೈಬಿಟ್ಟಿದ್ದಾನೆ. ಮಠದವರು ಯಾರೂ ಕೈಬಿಟ್ಟಿಲ್ಲ.

೫. ಪಾತ್ರೆ ತೊಳೆಯುವಲ್ಲಿಗೆ ಬಂದು ಬುದ್ಧಿ ಹೇಳಿದವರಲ್ಲಿ ಕಾಶೀವಾಸಿ ಅನ್ನದಾನಮ್ಮನವರು ಮುಖ್ಯರು.

“ನಂದು ಮೂವತ್ತಕ್ಕಽ ತೆಗದ್ರು ತಂಗಿ. ನಮ್ಮೂರಾಗ ಅರ್ಧ ಹೆಣ್ಮಕ್ಕಳದು ಹಂಗಽ ತೆಗದ್ರು. ಟ್ರ್ಯಾಕ್ಟರ್‌ನ್ಯಾಗ ಹೋದ್ವಿ, ಟ್ರ್ಯಾಕ್ಟರ್‌ನ್ಯಾಗ ಬಂದ್ವಿ. ಏನಾತು?”

“ನಿಮ್ಮನ್ನ ಕೇಳಿದ್ರೇನಬೇ?”

“ನನ್ನ ಯಾರು ಕೇಳ್ತಾರ? ನಮ್ಮ ಯಜಮಾನ ಹೆಬ್ಬೆಟ್ಟು ಒತ್ತಿದ.”

“ನನ್ನ ಕೇಳ್ಯಾರಬೇ. ಅದಕ್ಕಽ ವಿಚಾರ ಮಾಡಿ ಹೇಳೀನಿ.”

ಅನ್ನದಾನಮ್ಮನವರು ಅಲ್ಲೇ ಕುಕ್ಕರುಗಾಲಲ್ಲಿ ಕೂತರು. ಒಂದು ತಟ್ಟೆ ಎತ್ತಿಕೊಂಡು ತಾವೂ ಬೂದಿ ಹಚ್ಚಿ ತಿಕ್ಕಿದರು. ಆಮೇಲೆ, “ಆ ಡಾಕ್ಟರ್ತಿ ಹೊಲಿಗಿ ಚಲೋ ಹಾಕ್ತಾಳೇನು, ಅದನ್ನರ ವಿಚಾರ್ಸು,” ಎಂದರು.

೬. ಈಗ ಕೋಣೆ. ರಕ್ತ ಏರಲು ಇಂಜೆಕ್ಷನ್ ಆಗಿದೆ. ಕೊಡಬೇಕಾದ ರಕ್ತವನ್ನು ಅರ್ಜಿದಾರನೂ ದೋಣಿ ನಡೆಸುವ ಅವನ ಗೆಳೆಯನೂ ಕೊಟ್ಟಿದ್ದಾರೆ. ಗುರುವಾರ ಆಪರೇಷನ್. ಆದರೆ ಆರು ವಾರ ಮೆಟ್ಟಿಲು ಹತ್ತುವಂತಿಲ್ಲ, ಭಾರ ಎತ್ತುವಂತಿಲ್ಲ. ಕೆಳಗೆ ಕೋಣೆ ನಿಗದಿಯಾಗದಿದ್ದರೆ ತಾರೀಖು ಬೇರೆಯವರಿಗೆ ಹೋಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಮುಂದಿನ ತಾರೀಖು ಯಾವಾಗಲೋ, ಅಷ್ಟರೊಳಗೆ ಏರಿದ ರಕ್ತ ಮತ್ತೆ ಇಳಿಯುತ್ತದೆ. ಕೆಳಮಹಡಿಯಲ್ಲಿ ಕಾಳಮ್ಮನವರು ಶ್ರಾವಣದಲ್ಲಿ ಶಿವೈಕ್ಯರಾದ ಮೇಲೆ ಅವರ ಕೋಣೆ ಖಾಲಿ ಇದೆ. ಪಾಯಖಾನೆ ಎದುರಿಗೇ ಇದೆ. ಇದನ್ನು ಕೇಳಿದಾಗ ತಾವು ಕೊಟ್ಟ ಆದೇಶ:

“ಅದು ಕಾಶೀವಾಸದ ಕೋಣಿ. ಸಾಯಾಕ ಬಂದೋರಿಗೆ ಕೊನೀ ತನಕ. ಯಾತ್ರಾಕ್ಕ ಬಂದೋರಿಗೆ ಮೂರು ದಿನ. ಆರಾಮ ಆಗೋರಿಗೆ ಕೊಡಾಕ ನಮ್ಮಲ್ಲಿ ಕಲಮಽ ಇಲ್ಲ. ಉಳಿಯೂದಿಲ್ಲ ಅಂತ ಡಾಕ್ಟರ್ ಕಡಿಂದ ಬರಸ್ಕೊಂಡು ಬಾ, ಇವತ್ತಽ ಕೊಡ್ತೀನಿ.”

ಅರ್ಜಿದಾರನು ಡಾಕ್ಟರಮ್ಮನನ್ನು ಕೇಳಿದ. ಉಳಿಯುತ್ತಾರೆ ಎಂದು ಬರೆದುಕೊಡಲು ಒಪ್ಪಿದರು. ಉಳಿಯುವುದಿಲ್ಲ ಎಂದು ಬರೆಯಲು ಒಪ್ಪಲಿಲ್ಲ.

೭. ಹಿಂದಿನ ನಿದರ್ಶನ. ಮೇಲ್ಕಂಡ ಅನ್ನದಾನಮ್ಮನವರು ಸಾಯುತ್ತೇನೆಂದು ಒಪ್ಪಿ ಬಂದು ಒಂಬತ್ತು ವರ್ಷ ದಾಟಿದೆ. ಬರುವಾಗ ಕೋಲು ಹಿಡಿದು ಬಂದವರು ಈಗ ಉಪ್ಪಿನಕಾಯಿ ಸಾಲದೆಂದು ಅಡುಗೆಯವರನ್ನು ಅಂಗಳದ ತುಂಬ ಅಟ್ಟಿಸಿಕೊಂಡು ಹೋಗುತ್ತಾರೆ. ಷರತ್ತು ಮುರಿದದ್ದಕ್ಕೆ ಅವರ ಮೇಲೆ ಮಠ ಈವರೆಗೆ ಯಾವ ಕ್ರಮವನ್ನೂ ಜರುಗಿಸಿಲ್ಲ. ಅವರು ನೂರು ವರ್ಷ ಬಾಳಲಿ. ಅರ್ಜಿದಾರನ ವಾದ ಇಷ್ಟೇ: ಸಾಯದೇ ಇರುವುದು ಮಠಕ್ಕೆ ಹೊಸದಲ್ಲ.

ಆದ್ದರಿಂದ, ಮತ್ತು ಮೇಲಿನ ಎಲ್ಲ ಕಾರಣಗಳಿಂದ, ಕೋರುವುದೇನೆಂದರೆ:

ಅ) ಕಾಳಮ್ಮನವರ ಕೋಣೆಯನ್ನು ಗುರುವಾರದಿಂದ ಆರು ವಾರ ಕೊಡಬೇಕು.

ಆ) ಈ ಅವಧಿಯಲ್ಲಿ ಅಕ್ಕ ಸಾಯದಿದ್ದರೆ ಅದನ್ನು ನಿಯಮ ಉಲ್ಲಂಘನೆ ಎಂದು ಪರಿಗಣಿಸಬಾರದು.

ಇ) ಪಂಕ್ತಿಯಲ್ಲಿ ಆಡಿದ ಮಾತನ್ನು ಪಂಕ್ತಿಯಲ್ಲಿಯೇ ವಾಪಸ್ ಪಡೆಯಬೇಕು. ಹಾವೇರಿಯವರು ಹೊರಟುಹೋಗಿರುವುದರಿಂದ ಆಗ ಇರುವ ಯಾತ್ರಿಕರ ಎದುರೂ ಆಗಬಹುದು. ಆಗ ಸಾರು ಬಡಿಸಲು ಬೇರೆಯವರನ್ನು ನೇಮಿಸಿದರೆ ತಮಗೇ ಕ್ಷೇಮ.

ತಮ್ಮ ಮೇಲೆ ಇನ್ನೂ ಒಂದಿಷ್ಟು ವಿಶ್ವಾಸ ಉಳಿಸಿಕೊಂಡಿರುವ,
ನಾಗಲಿಂಗ

ಅಡಕಗಳು:
೧. ಸ್ಕ್ಯಾನಿಂಗ್ ರಿಪೋರ್ಟ್. “ಗಾತ್ರ” ಎಂಬಲ್ಲಿ ಕೆಂಪು ಗೆರೆ ಎಳೆದಿದೆ.
೨. ಅಕ್ಕ ಉಳಿಯುತ್ತಾರೆ ಎಂದು ಡಾಕ್ಟರಮ್ಮ ಹಿಂದಿಯಲ್ಲಿ ಬರೆದುಕೊಟ್ಟ ಚೀಟಿ.
೩. ಮೇಲಿನ ೭ನೇ ಅಂಶಕ್ಕೆ ಸಾಕ್ಷಿಯಾಗಿ ಅನ್ನದಾನಮ್ಮನವರ ಹೆಬ್ಬೆಟ್ಟು. ಈ ಸಲ ಅವರೇ ಒತ್ತಿದ್ದು.

ಪ್ರತಿ: ಮಠದ ಹಿರಿಯ ಸ್ವಾಮಿಗಳವರ ಸನ್ನಿಧಿಗೆ. (ಕೆಳಗಿನ ಷರಾ ಈ ಪ್ರತಿಯಲ್ಲಿ ಮಾತ್ರ.)

ಷರಾ:

ಈ ಅರ್ಜಿಯನ್ನು ವಾಪಸ್ ಪಡೆದಿಲ್ಲ ಎಂದು ಸನ್ನಿಧಿಯವರು ತಿಳಿಯಬೇಕು. ಗುರುವಾರದ ತಾರೀಖನ್ನೂ ಬಿಟ್ಟುಕೊಟ್ಟಿಲ್ಲ. ಕೋಣೆಯನ್ನು ಈಗ ಸನ್ನಿಧಿಯವರಿಂದಲೇ ಕೋರಲಾಗಿದೆ. ಮೂಲ ಅರ್ಜಿಯನ್ನು ಅರ್ಜಿದಾರನು ಇಂದು ಬೆಳಗ್ಗೆ ಖುದ್ದಾಗಿ ಸಲ್ಲಿಸಿದಾಗ ನಡೆದದ್ದು ಇಷ್ಟು.

ಆಫೀಸಿನಲ್ಲಿ ಕೊಟ್ಟೂರಯ್ಯನವರಿದ್ದರು, ರಸೀದಿಗಾಗಿ ಕಾಯುವ ಯಾತ್ರಿಕರಿದ್ದರು. ಅಕ್ಕ ಬಾಗಿಲ ಹೊರಗೆ ಬೆಂಚಿನ ಮೇಲಿದ್ದರು. ದಾನಯ್ಯನವರು ಅರ್ಜಿಯನ್ನು ಮೊದಲಿನಿಂದ ಕೊನೆಯ ತನಕ ಓದಿದರು. ನಿಂಬೆಹಣ್ಣಿನ ಹತ್ತಿರ ನಕ್ಕರು. ಸಾರಿನ ಹತ್ತಿರ ನಗಲಿಲ್ಲ. ಕನ್ನಡಕ ತೆಗೆದಿಟ್ಟು, ಗೋಡೆಯ ಮೊಳೆಯಿಂದ ಕಾಳಮ್ಮನವರ ಕೋಣೆಯ ಬೀಗದಕೈ ತೆಗೆದು ಅರ್ಜಿದಾರನ ಮುಂದೆ ಹಿಡಿದರು.

“ತಗೋ. ನಾನೇನು ರಾಕ್ಷಸ ಅಲ್ಲ. ಆರು ವಾರ ಅಲ್ಲ, ಎಂಟು ವಾರ ಇರಲಿ. ಒಂದಽ ಮಾತು ಹೇಳಿ ತಗೋ. ಡಾಕ್ಟರ್ ಪೂರಾ ತೆಗೀತೀನಿ ಅಂದ್ರೂ ಬ್ಯಾಡ ಅಂದಾಳಲ್ಲ ನಿಮ್ಮಕ್ಕ, ಆ ಚೀಲಾ ಯಾರಿಗೋಸ್ಕರ ಉಳಿಸ್ಕೊಳ್ಳಾಕತ್ತಾಳ?”

ರಸೀದಿಗೆ ಕಾಯುತ್ತಿದ್ದವರು ಕಿವಿ ನೆಟ್ಟಗೆ ಮಾಡಿದರು. ಕೊಟ್ಟೂರಯ್ಯನವರು ಗೋಡೆಯ ಕ್ಯಾಲೆಂಡರನ್ನು ಓದತೊಡಗಿದರು. ಬೀಗದಕೈ ಅರ್ಜಿದಾರನ ಬೆರಳಿಗೆ ತಾಗುವಷ್ಟು ಹತ್ತಿರವಿತ್ತು. ಯಾರ ಹೆಸರನ್ನಾದರೂ ಹೇಳಬಹುದಿತ್ತು. ಗೊತ್ತಿಲ್ಲ ಎಂದೂ ಹೇಳಬಹುದಿತ್ತು, ಅದು ನಿಜವೂ ಆಗುತ್ತಿತ್ತು.

ಹೊರಗೆ ಬೆಂಚು ಕಿರ್ರೆಂದಿತು. “ನಾಗಾ,” ಎಂದರು ಅಕ್ಕ, “ನಡಿ.”

ಬೀಗದಕೈ ದಾನಯ್ಯನವರ ಕೈಯಲ್ಲೇ ಉಳಿಯಿತು. ಅರ್ಜಿದಾರನು ಹೊರಗೆ ಬಂದು, ಅಕ್ಕನ ಕೈಚೀಲ ತೆಗೆದುಕೊಂಡು, ಗಲ್ಲಿ ಹಿಡಿದು ನಡೆದನು.