ಎಡಕ್ಕೆ ವಾಲಿದ ಗೇರ್ ರಾಡಿಗೆ ಬಹಿರಂಗ ಬಿನ್ನಹ

ಸನ್ಮಾನ್ಯ ಗೇರ್ ರಾಡ್ ಅವರೇ,

ನನ್ನ ಕೆಂಪು ಸ್ಪೋರ್ಟ್ಸ್ ಕಾರಿನ ನಟ್ಟನಡುವೆ ವಿರಾಜಮಾನರಾಗಿರುವ ತಮಗೆ ಅವರ್ಸಾದ ಸೂರಜ್ ನಾಯ್ಕನು ಕ್ಲಚ್ಚಿನಿಂದ ಕಾಲೆತ್ತದೆಯೇ ಮಾಡುವ ನಮಸ್ಕಾರಗಳು.

ಮಡಗಾಂವದಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದ ಈ ಕಾರಿನಲ್ಲಿ ತಮ್ಮ ಪೂರ್ವಾಧಿಕಾರಿಗಳು ಉದ್ದವಾಗಿದ್ದರು, ಸಡಿಲವಾಗಿದ್ದರು, ಎರಡನೇ ಗೇರೆಂದರೆ ಮುಖ ತಿರುಗಿಸುತ್ತಿದ್ದರು, ನಿಜ. ಆದರೆ ನ್ಯೂಟ್ರಲಿನಲ್ಲಿ ನೆಟ್ಟಗೆ ನಿಲ್ಲುವಷ್ಟು ಮರ್ಯಾದೆ ಅವರಿಗಿತ್ತು. ರೇಸಿನವರ ಹಾಗೆ ಗಿಡ್ಡ ರಾಡು ಬೇಕೆಂಬ ಚಪಲ ನನ್ನದೇ. ಮೀನು ಲಾರಿಗಳ ಹಿಂದೆ ಮೂರನೇ ಗೇರು ದಾಟದ ನಮ್ಮ ಹೆದ್ದಾರಿಯಲ್ಲಿ ಅದನ್ನು ತೋರಿಸಬೇಕಿದ್ದದ್ದು ಕದ್ವಾಡದ ನೀತಾ ಒಬ್ಬಳಿಗೆ. ಅಂಕೋಲೆಯ ಮೆಕ್ಯಾನಿಕ್ ಜಟ್ಟ ತಮ್ಮನ್ನು ಕೂರಿಸಿದ ಮೇಲೆ ಒಂದು ಸ್ಪ್ರಿಂಗು ಉಳಿಯಿತು. "ಇದ ಎಕ್ಸ್ಟ್ರಾ ಬಂದದೆ ಮಾರಾಯಾ" ಎಂದು ಅವನು ಅದನ್ನು ಕಿಸೆಗೆ ಹಾಕಿಕೊಂಡ. ತಮ್ಮನ್ನು ನಡುವಿನಲ್ಲಿ ನಿಲ್ಲಿಸುವ ಸ್ಪ್ರಿಂಗೇ ಅದು ಎಂದು ಆಮೇಲೆ ತಿಳಿಯಿತು.

ನೀತಾಳ ತಂದೆ ಮಂಗೇಶಮಾಮ ನಮ್ಮ ಮದುವೆಗೆ ದೇವರ ಪ್ರಸಾದ ಕೇಳಲು ನನ್ನದೇ ಕಾರಿನಲ್ಲಿ ಹೊರಟರು. ತಮಗೆ ತಿಳಿಯದ್ದೇನಲ್ಲ, ನಮ್ಮಲ್ಲಿ ದೇವರಿಗೆ ಅಂಟಿಸಿದ ಹೂವು ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಅವರ ಮನೆಯ ಗೇಟಿನಲ್ಲಿ ಕಾರು ಚಾಲೂ ಮಾಡಿದೆ. ಅವರು ಕಣ್ಣುಮುಚ್ಚಿ ಕೈಮುಗಿದರೆಂದು ನಾನೂ ತಮ್ಮ ಮೇಲಿಂದ ಕೈ ತೆಗೆದು ಮುಗಿದೆ. ಅವರು ಕಣ್ಣು ತೆರೆಯುವುದಕ್ಕೂ ತಾವು ಎಡಕ್ಕೆ ಬೀಳುವುದಕ್ಕೂ ಸರಿಹೋಯಿತು. "ಗುಡಿಗೆ ಹೋಗೂದೇ ಬ್ಯಾಡ, ಇಲ್ಲೇ ಆಯ್ತು" ಎಂದು ಇಳಿದು ಒಳಗೆ ಹೋದರು. ಅಂದಿನಿಂದ ನೀತಾಳ ಮಿಸ್ಡ್ ಕಾಲೂ ಇಲ್ಲ. ನನಗೆ ಬಂಗಡೆ ಸಾರೂ ಸೇರುತ್ತಿಲ್ಲ ಸ್ವಾಮೀ.

ಭಟ್ಟರಿಲ್ಲದೆ, ಹೂವಿಲ್ಲದೆ, ಕೇಳುವ ಮೊದಲೇ ತೀರ್ಪು ಕೊಡುವ ತಮ್ಮ ಸಾಮರ್ಥ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಬರುವ ಸೋಮವಾರ ಹೇಗಾದರೂ ಮಾಡಿ ಮಂಗೇಶಮಾಮನನ್ನು ಮತ್ತೆ ಕಾರಿನಲ್ಲಿ ಕೂರಿಸುತ್ತೇನೆ. ತಾವು ಗುರುತ್ವಾಕರ್ಷಣೆಯ ನಿಯಮವನ್ನು ಅರೆಗಳಿಗೆ ಬದಿಗಿಟ್ಟು, ಅವರ ಕಣ್ಣೆದುರೇ ಬಲಕ್ಕೆ ವಾಲಿ ಉಪಕರಿಸಬೇಕು. ಅದಾಗದಿದ್ದರೆ, ಹಿಂದಿನ ತೀರ್ಪು ಎರಡನೇ ಗೇರಿಗೆ ಮಾತ್ರ ಸಂಬಂಧಿಸಿದ್ದೆಂದು ತಾವೇ ಬಾಯಿಬಿಟ್ಟು ಹೇಳಬೇಕು. ಪ್ರತಿಯಾಗಿ ತಮಗೆ ಅಬ್ಬಲಿಗೆ ಮಾಲೆಯನ್ನೂ ಗ್ರೀಸಿನ ಅಭ್ಯಂಗವನ್ನೂ ಹರಕೆ ಹೊತ್ತಿದ್ದೇನೆ.

ಇನ್ನೂ ನ್ಯೂಟ್ರಲಿನಲ್ಲೇ ಉಳಿದಿರುವ
ತಮ್ಮ ವಿಶ್ವಾಸಿ,
ಸೂರಜ್ ನಾಯ್ಕ, ಅವರ್ಸಾ

ತಾ.ಕ.: ಇದನ್ನು ಪತ್ರಿಕೆಗೆ ಕೊಡುವ ಮೊದಲೇ ಮಿಸ್ಡ್ ಕಾಲ್ ಬಂತು, ಕಾರು ತೆಗೆದುಕೊಂಡು ಓಡಿದೆ. ನೀತಾ ಅಪ್ಪನನ್ನು ಕೈಹಿಡಿದು ತಂದು ಕೂರಿಸಿ, ತಮ್ಮ ತಲೆಯ ಮೇಲೆ ಬೆರಳಿಟ್ಟು, "ಪಪ್ಪಾ, ಪ್ರಸಾದ ಕೇಳ್ದಾಗ ನೋಡೂದು ದೇವರ ಬಲವಾ, ನಮ್ಮ ಬಲವಾ? ಗೇರ್ ಅಂಕಿ ಬರ್ದ ಅದ್ರ ಮೋರೆ ನಿಮ್ ಬದಿಗೇ ಅದೆಯಲ. ನಿಮ್ಮ ಎಡ ಅಂದ್ರೆ ಅದ್ರ ಬಲವೇ ಅಲ್ದಾ?" ಎಂದು ಕೇಳಿದಳು. ಮಂಗೇಶಮಾಮ ತಲೆ ಕೆರೆದುಕೊಂಡು, "ದೇವರ ಬಲವೇ" ಎಂದು ಒಪ್ಪಿ, ಕೊನೆಗೆ ತಮಗೆ ಕೈಮುಗಿದರು. ಮದುವೆ ಗಟ್ಟಿಯಾಯಿತು. ಆದಕಾರಣ ಮೇಲಿನ ಬೇಡಿಕೆಗಳನ್ನೆಲ್ಲ ಹಿಂಪಡೆದಿದ್ದೇನೆ; ಜಟ್ಟ ಆ ಸ್ಪ್ರಿಂಗು ಹಿಡಿದುಕೊಂಡು ಬಂದರೂ ಒಳಗೆ ಬಿಡುವುದಿಲ್ಲ. ತಾಳಿ ಕಟ್ಟುವ ತನಕ ತಾವು ಅಪ್ಪಿತಪ್ಪಿಯೂ ಬಲಕ್ಕೆ ಮಿಸುಕಿದಿರೋ, ತಮ್ಮ ಉದ್ದನೆಯ ಪೂರ್ವಾಧಿಕಾರಿಗಳು ಅಂಕೋಲೆಯ ಗುಜರಿಯಲ್ಲಿ ಇನ್ನೂ ನೆಟ್ಟಗೆ ನಿಂತಿದ್ದಾರೆ ಎಂಬುದು ನೆನಪಿರಲಿ.